ಮಲ ಕಸಿ: ಪುರಾವೆಯನ್ನು ಹಿಂದಿಕ್ಕಿದ ವಿವರಣೆ

ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ರಕ್ತಭೇದಿಗೆ ಕಾರಣವಾಗುವ ಅಲ್ಸರೇಟಿವ್ ಕೊಲೈಟಿಸ್ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯು ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಅತಿಯಾಗಿ ಎರಗುತ್ತದೆಂಬುದು ತಜ್ಞರ ಗ್ರಹಿಕೆಯಾಗಿದ್ದು, ಆರೋಗ್ಯವಂತ ದಾನಿಯ ಮಲವನ್ನು ಸೋಸಿ ರೋಗಿಯ ಕರುಳಿಗೆ ಸೇರಿಸುವ ಮಲ ಕಸಿಯಿಂದ ಈ ಉರಿಯೂತ ತಗ್ಗೀತೆಂಬ ನಿರೀಕ್ಷೆ ಅದರಿಂದಲೇ ಹುಟ್ಟಿದೆ. ನಿರೀಕ್ಷೆಗೆ ಆಧಾರವಿಲ್ಲದಿಲ್ಲ. ಕೆಲವು ಕ್ಲಾಸ್ಟ್ರಿಡಿಯಾ ಜಾತಿಯ ಬ್ಯಾಕ್ಟೀರಿಯಾಗಳು ನಾರಿನಂಶವನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲವನ್ನು ತಯಾರಿಸುತ್ತವೆ; ಇದು ರೋಗನಿರೋಧಕ ಪ್ರತಿಕ್ರಿಯೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಜೀವಕೋಶಗಳನ್ನು ಹೆಚ್ಚಿಸುತ್ತದೆಂಬುದು ಇಲಿಗಳಲ್ಲಿ ಸಾಬೀತಾಗಿದೆ. ಆದರೆ ಇಲಿಯಲ್ಲಿ ಕಂಡದ್ದನ್ನು ರೋಗಿಯ ಗುಣಮುಖತೆಗೆ ಕಾರಣವೆಂದು ಸಾರುವ ಆತುರ ಈ ಕ್ಷೇತ್ರದ ಬರಹಗಳಲ್ಲಿ ಕಾಣುತ್ತದೆ.

ಮನುಷ್ಯರ ಮೇಲಿನ ಪ್ರಯೋಗಗಳು ಒಂದೇ ಮಾತು ಹೇಳುವುದಿಲ್ಲ. ಕೆನಡಾದಲ್ಲಿ 75 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಎನಿಮಾ ಮೂಲಕ ಮಲ ಪಡೆದವರಲ್ಲಿ ಶೇ 24ರಷ್ಟು ಮಂದಿ, ಬರಿಯ ನೀರು ಪಡೆದವರಲ್ಲಿ ಶೇ 5ರಷ್ಟು ಮಂದಿ ರೋಗಲಕ್ಷಣಗಳಿಂದ ಮುಕ್ತರಾದರು; ಮಲ ಪಡೆದು ಹಾಗೆ ಚೇತರಿಸಿಕೊಂಡ ಒಂಬತ್ತು ಮಂದಿಯಲ್ಲಿ ಏಳು ಮಂದಿಗೆ ಒಬ್ಬನೇ ದಾನಿಯ ಮಲ ದೊರೆತಿತ್ತು. ಅದೇ ವರ್ಷದ ಆಮ್‌ಸ್ಟರ್‌ಡ್ಯಾಮ್ ಪ್ರಯೋಗ ಹೋಲಿಕೆಯ ಗುಂಪಿಗೆ ಅವರವರ ಮಲವನ್ನೇ ಕೊಟ್ಟು ಹೆಚ್ಚು ಕಠಿಣವಾದ ಪರೀಕ್ಷೆ ಒಡ್ಡಿತು, ಗಣನೀಯ ವ್ಯತ್ಯಾಸ ಕಾಣಲಿಲ್ಲ. ಹಲವು ದಾನಿಗಳ ಮಲವನ್ನು ಬೆರೆಸಿ ಕೊಟ್ಟ 2017ರ ಆಸ್ಟ್ರೇಲಿಯಾ ಪ್ರಯೋಗದಲ್ಲಿ ಶೇ 27 ಮತ್ತು ಶೇ 8ರ ಅಂತರ ಮತ್ತೆ ತೋರಿತು. ದೆಹಲಿಯ ಏಮ್ಸ್ 2022ರಲ್ಲಿ ಪ್ರಕಟಿಸಿದ ಪ್ರಯೋಗ ಮಲ ಕಸಿಯ ಜೊತೆಗೆ ಉರಿಯೂತ ತಗ್ಗಿಸುವ ಪಥ್ಯವನ್ನೂ ಕೊಟ್ಟಿದ್ದರಿಂದ, ಫಲ ಉತ್ತಮವಾಗಿ ಕಂಡರೂ ಅದರಲ್ಲಿ ಪಥ್ಯದ ಪಾಲೆಷ್ಟು, ಕಸಿಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು.

ಈ ಪ್ರಯೋಗಗಳೆಲ್ಲವೂ ಮುಖ್ಯವಾಗಿ ಅಳೆದದ್ದು ರೋಗಲಕ್ಷಣವನ್ನು ಮತ್ತು ಎಂಡೋಸ್ಕೋಪಿಯ ನೋಟವನ್ನು. ನಿಯಂತ್ರಕ ಜೀವಕೋಶಗಳು ಹೆಚ್ಚಿದ್ದರಿಂದ ಉರಿಯೂತ ತಗ್ಗಿತೋ, ಉರಿಯೂತ ತಗ್ಗಿದ್ದರಿಂದ ಜೀವಕೋಶಗಳ ಪ್ರಮಾಣ ಬದಲಾಯಿತೋ ಎಂಬುದನ್ನು ಅಂತಹ ಅಳತೆ ತೀರ್ಮಾನಿಸಲಾರದು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಮಲ ಕಸಿ ಗಳಿಸಿದ ಕೀರ್ತಿಯೂ ಇಲ್ಲಿ ದಾರಿ ತಪ್ಪಿಸುತ್ತದೆ: ಅಲ್ಲಿರುವುದು ಒಂದು ಗೊತ್ತಾದ ಶತ್ರು, ಹೊಸ ಬ್ಯಾಕ್ಟೀರಿಯಾಗಳು ಅದರ ಜಾಗ ಕಸಿದುಕೊಂಡರೆ ಬಹುಪಾಲು ಕೆಲಸ ಮುಗಿಯಿತು, ಕೊಲೈಟಿಸ್‌ನಲ್ಲಾದರೋ ಅಂತಹ ಒಂಟಿ ಶತ್ರುವಿಲ್ಲ.

ಅಪಾಯವೂ ಕಾಲ್ಪನಿಕವಲ್ಲ. ದಾನಿಯ ಮಲದಲ್ಲಿದ್ದ ಔಷಧನಿರೋಧಕ ಇ. ಕೋಲಿಯಿಂದ ರೋಗಿಯೊಬ್ಬರು ಮೃತಪಟ್ಟದ್ದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಪ್ರಕಟಿಸಿತು. 2022 ಮತ್ತು 2023ರಲ್ಲಿ ಅದು ಒಪ್ಪಿದ ಎರಡು ಮಲಾಧಾರಿತ ಉತ್ಪನ್ನಗಳೂ ಮರುಕಳಿಸುವ ಡಿಫಿಸಿಲ್ ಸೋಂಕನ್ನು ತಡೆಯಲು ಮಾತ್ರ. ಕೊಲೈಟಿಸ್ ರೋಗಿಗೆ ಮಲ ಕಸಿಯನ್ನು ಪ್ರಯೋಗದ ಚೌಕಟ್ಟಿನ ಹೊರಗೆ ನೀಡುವುದು ಇಂದಿನ ಪುರಾವೆಯ ಬಲದಿಂದ ಸಮರ್ಥನೀಯವಲ್ಲ.