ಅಂಗೈಯಲ್ಲಿ ಬೆಳೆದ ಮಾತು

ಹೆಲೆನ್ ಕೆಲರ್ ಎಂದ ಕೂಡಲೇ ನಮ್ಮಲ್ಲಿ ಬಹಳ ಮಂದಿಗೆ ನೆನಪಾಗುವುದು ಒಂದೇ ದೃಶ್ಯ. ಪಂಪಿನಿಂದ ಸುರಿಯುವ ತಣ್ಣೀರಿಗೆ ಕೈಯೊಡ್ಡಿ ನಿಂತ ಪುಟ್ಟ ಹುಡುಗಿ; ಅವಳ ಇನ್ನೊಂದು ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಮೂಡಿಸುತ್ತಿರುವ ಟೀಚರ್. ಕಣ್ಣು ಕಾಣದ, ಕಿವಿ ಕೇಳದ ಆ ಮಗುವಿಗೆ, ಬೆರಳುಗಳು ಮಾಡುತ್ತಿರುವುದು ಆಟವಲ್ಲ, ಅದು ನೀರಿನ ಹೆಸರು ಎಂದು ಥಟ್ಟನೆ ಹೊಳೆಯುತ್ತದೆ. ನಾಟಕ, ಸಿನಿಮಾ, ಶಾಲೆಯ ಭಾಷಣ ಸ್ಪರ್ಧೆ ಎಲ್ಲೆಲ್ಲೂ ಇದೇ ದೃಶ್ಯ. ಉಳಿದ ಬದುಕೆಲ್ಲ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ: ಛಲವಿದ್ದರೆ ಏನನ್ನೂ ಗೆಲ್ಲಬಹುದು.

ಈ ದೃಶ್ಯದ ಮೂಲವಾದ ‘ದ ಸ್ಟೋರಿ ಆಫ್ ಮೈ ಲೈಫ್’ ಪುಸ್ತಕವನ್ನು ಪೂರ್ತಿ ಓದಿದವರಿಗೆ ಆ ವಾಕ್ಯವನ್ನು ಅಷ್ಟು ಸಲೀಸಾಗಿ ಹೇಳಲು ಆಗುವುದಿಲ್ಲ. 1903ರಲ್ಲಿ ಬಂದ ಈ ಪುಸ್ತಕಕ್ಕೆ ಮೂರು ಭಾಗಗಳಿದ್ದವು. ಮೊದಲನೆಯದು ರ‍್ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಓದುತ್ತಿದ್ದಾಗ ಹೆಲೆನ್ ಬರೆದ ಆತ್ಮಕಥೆ. ಎರಡನೆಯದು ಅವರ ಪತ್ರಗಳು. ಮೂರನೆಯದು ಸಂಪಾದಕ ಜಾನ್ ಮೇಸಿ ಬರೆದ ವಿವರಣೆ ಮತ್ತು ಅದರೊಳಗೆ ಸೇರಿಸಿದ ಟೀಚರ್ ಆ್ಯನ್ ಸಲಿವನ್ ಅವರ ಪತ್ರಗಳು. ಮರುಮುದ್ರಣಗಳಲ್ಲಿ ಅನೇಕವು ಮೊದಲ ಭಾಗವನ್ನಷ್ಟೇ ಉಳಿಸಿಕೊಂಡಿವೆ. ಹೀಗಾಗಿ ಶಿಷ್ಯೆಯ ನೆನಪು ನಮಗೆ ಸಿಕ್ಕಿತು, ಟೀಚರ್ ಮಾಡಿದ ಕೆಲಸ ಕೈತಪ್ಪಿತು.

1887ರ ಏಪ್ರಿಲ್ 5ರ ಆ ಬೆಳಗನ್ನೇ ತೆಗೆದುಕೊಳ್ಳೋಣ. ಹೆಲೆನ್ ಬರೆದ ಅಧ್ಯಾಯದಲ್ಲಿ ಅದು ಶುರುವಾಗುವುದು ಜಗಳದಿಂದ. ‘ಮಗ್’ ಬೇರೆ, ‘ವಾಟರ್’ ಬೇರೆ ಎಂದು ತಿಳಿಸಲು ಟೀಚರ್ ಹೆಣಗುತ್ತಾರೆ. ಬೇಸತ್ತ ಹುಡುಗಿ ಹೊಸ ಗೊಂಬೆಯನ್ನು ನೆಲಕ್ಕೆ ಬಡಿದು ಚೂರು ಮಾಡುತ್ತಾಳೆ. ಅದಕ್ಕಾಗಿ ಅವಳಿಗೆ ದುಃಖವೇನೂ ಆಗುವುದಿಲ್ಲ. ಬಾವಿಯ ಬಳಿಯಿಂದ ಹೆಸರುಗಳ ಲೋಕವನ್ನೇ ಹೊತ್ತು ಮರಳಿದ ಮೇಲೆ ಅದೇ ಚೂರುಗಳನ್ನು ಹುಡುಕಿ ಜೋಡಿಸಲು ನೋಡುತ್ತಾಳೆ; ಆಗದೆ ಅಳುತ್ತಾಳೆ. ಭಾಷೆ ಬಂದದ್ದೂ ಪಶ್ಚಾತ್ತಾಪ ಹುಟ್ಟಿದ್ದೂ ಒಟ್ಟಿಗೇ ಎಂಬ ಸೂಚನೆ ಇಲ್ಲಿದೆ.

ಅದೇ ದಿನ ಸಲಿವನ್ ಬರೆದ ಪತ್ರದಲ್ಲಿ ಗೊಂಬೆಯ ಸುದ್ದಿಯೇ ಇಲ್ಲ. ಅಲ್ಲಿರುವುದು ಪಾಠ ಹೇಳುವವರ ಲೆಕ್ಕಾಚಾರ. ಹುಡುಗಿಯ ಮನಸ್ಸಿನಲ್ಲಿ ‘ಮಗ್’, ‘ಮಿಲ್ಕ್’ ಎರಡೂ ಕುಡಿಯುವ ಕ್ರಿಯೆಯೊಂದಿಗೆ ಕಲಸಿಹೋಗಿವೆ. ಬೆಳಿಗ್ಗೆ ಮುಖ ತೊಳೆಯುವಾಗ ನೀರಿಗೆ ಏನೆನ್ನುತ್ತಾರೆಂದು ಅವಳೇ ಕೇಳಿದ್ದಾಳೆ. ಆ ಹೊಸ ಪದದಿಂದ ಹಳೆಯ ಗೊಂದಲ ಬಿಡಿಸಬಹುದಲ್ಲ ಎಂದು ತಿಂಡಿಯ ನಂತರ ಟೀಚರಿಗೆ ಹೊಳೆಯುತ್ತದೆ. ಪಂಪಿನ ಬಳಿ ಕರೆದೊಯ್ದು, ಮಗ್ ಹಿಡಿಸಿ, ನೀರು ತುಂಬುತ್ತಿರುವಾಗಲೇ ಖಾಲಿ ಇದ್ದ ಇನ್ನೊಂದು ಕೈಯಲ್ಲಿ ಆ ಪದ ಬರೆಯುತ್ತಾರೆ. ಮಗ್ ಕೆಳಗೆ ಬೀಳುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ 30 ಹೊಸ ಪದಗಳು.

ಎರಡರಲ್ಲಿ ಯಾವುದು ನಿಜ ಎಂದು ಕೇಳುವುದು ಸರಿಯಾದ ಪ್ರಶ್ನೆಯಲ್ಲ. ಹದಿನೈದು ವರ್ಷಗಳ ನಂತರ ಹಿಂತಿರುಗಿ ನೋಡಿದವರಿಗೆ ಅದು ಹೊಸ ಹುಟ್ಟು. ಆ ದಿನವೇ ಬರೆದವರಿಗೆ ಅದು ಒಂದು ತೊಡಕು ಬಿಡಿಸಿದ ಸಮಾಧಾನ. ಪವಾಡ ಎನ್ನುವುದು ಹಿಂತಿರುಗಿ ನೋಡಿದಾಗ ಕಾಣುವಂಥದ್ದು. ಅದು ನಡೆಯುವ ಹೊತ್ತಿನಲ್ಲಿ ಟೀಚರ್ ಕಣ್ಣೆದುರು ಇದ್ದದ್ದು ನಿನ್ನೆಯ ಪಾಠ ಎಲ್ಲಿ ತಪ್ಪಿತು ಎಂಬ ಚಿಂತೆ ಮಾತ್ರ.

ಅಲಬಾಮಾದ ಟಸ್ಕಂಬಿಯಾ ಊರಿಗೆ 1887ರ ಮಾರ್ಚ್ 3ರಂದು ಬಂದಿಳಿದಾಗ ಸಲಿವನ್ ಅವರಿಗೆ ಇಪ್ಪತ್ತು ವರ್ಷ. ಬಡ ಐರಿಷ್ ವಲಸೆಗಾರರ ಮಗಳು; ಕಣ್ಣಿನ ರೋಗದಿಂದ ದೃಷ್ಟಿ ಬಹುಪಾಲು ಹೋಗಿತ್ತು. ತಮ್ಮನೊಂದಿಗೆ ಅನಾಥಾಲಯದಂಥ ಬಡವರ ಆಶ್ರಮ ಸೇರಿ, ಅಲ್ಲೇ ಅವನನ್ನು ಕಳೆದುಕೊಂಡವರು. 14ನೆಯ ವಯಸ್ಸಿನಲ್ಲಿ ಪರ್ಕಿನ್ಸ್ ಅಂಧರ ಶಾಲೆ ಸೇರಿ, ಶಸ್ತ್ರಚಿಕಿತ್ಸೆಗಳಿಂದ ಒಂದಿಷ್ಟು ದೃಷ್ಟಿ ಮರಳಿ ಪಡೆದಿದ್ದರು. ಹೆಲೆನ್‌ಗೂ ಮೊದಲೇ ದೃಷ್ಟಿ, ಶ್ರವಣ ಎರಡನ್ನೂ ಕಳೆದುಕೊಂಡು ಭಾಷೆ ಕಲಿತಿದ್ದ ಲಾರಾ ಬ್ರಿಜ್‌ಮನ್ ಆ ಶಾಲೆಯಲ್ಲೇ ಇದ್ದರು. ಬೆರಳಿನ ಅಕ್ಷರಗಳನ್ನು ಸಲಿವನ್ ಅವರಿಂದಲೇ ಕಲಿತರು.

ಬಂದ ಹೊಸತರಲ್ಲಿ ಸಲಿವನ್ ಕೂಡ ರೂಢಿಯ ದಾರಿಯನ್ನೇ ಹಿಡಿದರು: ಒಂದು ವಸ್ತು ಕೊಡುವುದು, ಅದರ ಹೆಸರು ಬರೆಯುವುದು. ಹುಡುಗಿ ಬೆರಳಾಟವನ್ನು ಬೇಗ ಕಲಿತಳು, ಅರ್ಥ ಮಾತ್ರ ಹತ್ತಲಿಲ್ಲ. ಕಲಿತದ್ದನ್ನು ಮನೆಯ ನಾಯಿಯ ಪಂಜಕ್ಕೂ ಬರೆದು ತೋರಿಸುತ್ತಿದ್ದಳು. ಪಂಪಿನ ಬಳಿ ಅರ್ಥ ಹತ್ತಿತು. ನಮ್ಮ ಕಥೆಗಳು ಅಲ್ಲಿಗೆ ಮುಗಿಯುತ್ತವೆ. ಪತ್ರಗಳಲ್ಲಿ ನಿಜವಾದ ತಿರುವು ಬರುವುದು ಅದಾದ ಕೆಲವು ದಿನಗಳಿಗೆ. ಹೆಲೆನ್‌ಳ ಚಿಕ್ಕಪ್ಪನದೋ ಅತ್ತೆಯದೋ ಕಡೆಯ ಸುಮಾರು 15 ತಿಂಗಳ ಕೂಸೊಂದನ್ನು ಸಲಿವನ್ ಗಮನಿಸುತ್ತಾರೆ. ಆ ಕೂಸಿಗೆ ಯಾರೂ ಕೂರಿಸಿಕೊಂಡು ಪದ ಕಲಿಸುತ್ತಿಲ್ಲ. ಮಾತಾಡಲು ಬರುವ ಮೊದಲೇ ಅದಕ್ಕೆ ಎಷ್ಟೋ ಮಾತು ಅರ್ಥವಾಗುತ್ತಿದೆ, ಏಕೆಂದರೆ ಸುತ್ತಲಿನವರು ಅದರೊಡನೆ ಸುಮ್ಮನೆ ಮಾತಾಡುತ್ತಲೇ ಇದ್ದಾರೆ.

ಅಂದಿನಿಂದ ವೇಳಾಪಟ್ಟಿಯ ಪಾಠ ನಿಂತಿತು. ಬೇರೆ ಮಕ್ಕಳ ಕಿವಿಗೆ ಬೀಳುವಷ್ಟು ಮಾತು ಈ ಮಗುವಿನ ಅಂಗೈಗೆ ಬೀಳಬೇಕು, ಅದೂ ಬಿಡಿ ಪದಗಳಲ್ಲ, ಪೂರ್ತಿ ವಾಕ್ಯಗಳು. ಅರ್ಥವಾದಷ್ಟು ಆಗಲಿ, ಉಳಿದದ್ದು ಮುಂದೆ ತಾನಾಗಿ ತಿಳಿಯಲಿ ಎಂಬ ತೀರ್ಮಾನ ಅದು. ‘ನಿಷ್ಠೆಯ ಬೋಧನೆ’ ಎಂದು ನಾವು ಹೊಗಳುವುದರ ತಿರುಳು ಇಲ್ಲಿದೆ. ಸಲಿವನ್ ಅವರ ನಿಷ್ಠೆ ಮಗುವಿನ ಮೇಲಿನ ಕನಿಕರದಲ್ಲಿರಲಿಲ್ಲ. ಇವಳಿಗೆ ಇಷ್ಟೇ ಸಾಕು ಎಂದು ಮಾತನ್ನು ಅಳೆದು ಕೊಡದೆ ಇದ್ದುದರಲ್ಲಿತ್ತು.

ಆ ನಂಬಿಕೆಗೆ ತೆರಬೇಕಾದ ಬೆಲೆಯೂ ಇತ್ತು. 11ನೆಯ ವಯಸ್ಸಿನಲ್ಲಿ ಹೆಲೆನ್ ‘ದ ಫ್ರಾಸ್ಟ್ ಕಿಂಗ್’ ಎಂಬ ಕಥೆ ಬರೆದು ಪರ್ಕಿನ್ಸ್ ಶಾಲೆಯ ಮುಖ್ಯಸ್ಥ ಅನಾಗ್ನೋಸ್ ಅವರಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕಳಿಸಿದಳು. ಅದು ಮಾರ್ಗರೆಟ್ ಕ್ಯಾನ್‌ಬಿ ಬರೆದ ಮಕ್ಕಳ ಕಥೆಯೊಂದನ್ನು ಬಹಳ ಹೋಲುತ್ತಿತ್ತು. ಹಿಂದೊಮ್ಮೆ ಯಾರೋ ಅಂಗೈಯಲ್ಲಿ ಬರೆದು ಹೇಳಿದ್ದ ಕಥೆ ಅವಳೊಳಗೆ ಉಳಿದು, ಮೂಲ ಮರೆತು, ತನ್ನದಾಗಿ ಹೊರಬಂದಿತ್ತು. ಟೀಚರನ್ನು ಹೊರಗೆ ಕಳಿಸಿ ಆ ಹುಡುಗಿಯೊಬ್ಬಳನ್ನೇ ಕೂರಿಸಿ ವಿಚಾರಣೆ ಮಾಡಿದರು. ಆತ್ಮಕಥೆಯ ಅತ್ಯಂತ ನೋವಿನ ಅಧ್ಯಾಯ ಇದು. ತಾನು ಬರೆಯುವುದು ತನ್ನದೇ ಹೌದೋ ಅಲ್ಲವೋ ಎಂಬ ಭಯ ಆಮೇಲೆ ಅವರನ್ನು ಬಹುಕಾಲ ಕಾಡಿತು. ನಮ್ಮೆಲ್ಲರ ಮಾತೂ ಬೇರೆಯವರಿಂದ ಬಂದದ್ದೇ. ನಮಗೆ ಬಂದ ದಾರಿಗಳು ಸಾವಿರ, ಹಾಗಾಗಿ ಯಾರೂ ಲೆಕ್ಕ ಕೇಳುವುದಿಲ್ಲ. ಆಕೆಗೆ ಬಂದದ್ದು ಹೆಚ್ಚಾಗಿ ಒಂದೇ ಕೈಯ ಮೂಲಕ, ಹಾಗಾಗಿ ಲೆಕ್ಕ ಕೇಳುವುದು ಸುಲಭವಾಯಿತು.

ಬರವಣಿಗೆಯಾಗಿ ನೋಡಿದರೆ ಆತ್ಮಕಥೆ ಏಕಪ್ರಕಾರವಾಗಿಲ್ಲ. ಬೆಳಕು, ಬಣ್ಣಗಳನ್ನು ವರ್ಣಿಸುವ ಕಡೆ ಅಂದಿನ ಪುಸ್ತಕಗಳ ಅಲಂಕಾರದ ಭಾಷೆಯೇ ಮಾತಾಡುತ್ತದೆ. ಅದೇ ಪುಸ್ತಕದಲ್ಲಿ ಚೆರಿ ಮರದ ಪ್ರಸಂಗವಿದೆ. ಟೀಚರ್ ಊಟ ತರಲು ಹೋಗಿದ್ದಾರೆ, ಹುಡುಗಿ ಮರದ ಮೇಲೆ ಒಬ್ಬಳೇ. ಗಾಳಿಯ ಬಿಸುಪು ಆರುತ್ತದೆ, ಮಳೆಗೆ ಮುಂಚಿನ ಮಣ್ಣಿನ ವಾಸನೆ ಏಳುತ್ತದೆ, ಕೊಂಬೆ ತೊನೆಯುತ್ತದೆ. ಬಿರುಗಾಳಿಯನ್ನು ಕಣ್ಣು ಕಿವಿಗಳ ಹಂಗಿಲ್ಲದೆ ಚರ್ಮ ಮತ್ತು ಮೂಗಿನಲ್ಲೇ ಕಟ್ಟಿಕೊಟ್ಟ ಪುಟ ಅದು. ಕೊನೆಗೆ ಒಂದು ಕೈ ಬಂದು ಹಿಡಿಯುತ್ತದೆ. ಓದುವವರಿಗೂ ಆಗಲೇ ಉಸಿರು ಬರುವುದು. 1908ರ ‘ದ ವರ್ಲ್ಡ್ ಐ ಲಿವ್ ಇನ್’ ಪುಸ್ತಕದಲ್ಲಿ ಅವರು ಸ್ಪರ್ಶ, ವಾಸನೆ, ಕಂಪನಗಳನ್ನೇ ವಸ್ತುವಾಗಿಸಿಕೊಂಡರು. ಸಾಹಿತ್ಯದ ವಿದ್ಯಾರ್ಥಿಗಳು ಮೊದಲು ಓದಬೇಕಾದದ್ದು ಬಹುಶಃ ಈ ಪುಸ್ತಕ.

ರಂಗಭೂಮಿ ಮತ್ತು ಸಿನಿಮಾ ಮಾತ್ರ ಪಂಪಿನ ಬಳಿಯೇ ನಿಂತವು. ವಿಲಿಯಂ ಗಿಬ್ಸನ್ ಅವರ ನಾಟಕ ಆಧರಿಸಿದ 1962ರ ‘ದ ಮಿರಾಕಲ್ ವರ್ಕರ್’ ಚಿತ್ರದ ಶಿಖರ ಆ ನೀರಿನ ದೃಶ್ಯವೇ. ನಟನೆ ಅದ್ಭುತ, ಆದರೆ ಹೆಸರಲ್ಲೇ ಪವಾಡವಿದೆ. ಅದರ ನೆರಳಿನಲ್ಲಿ ಬಂದ ಸಂಜಯ್ ಲೀಲಾ ಬನ್ಸಾಲಿಯವರ ‘ಬ್ಲ್ಯಾಕ್’ (2005) ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ. ಆದರೂ ಅಬ್ಬರವೇ ಅಲ್ಲಿ ಬೋಧನೆಯ ರೂಪ ಪಡೆಯುತ್ತದೆ. ಪಂಪಿನ ನಂತರದ ಸಾವಿರಾರು ಸಾಧಾರಣ ದಿನಗಳನ್ನು ತೆರೆಯ ಮೇಲೆ ತೋರಿಸುವುದು ಕಷ್ಟ. ಕಾಲೇಜಿನಲ್ಲಿ ಪಕ್ಕದಲ್ಲೇ ಕೂತು ಉಪನ್ಯಾಸಗಳನ್ನೆಲ್ಲ ಅಂಗೈಗೆ ಇಳಿಸುತ್ತ, ಬ್ರೈಲ್‌ನಲ್ಲಿ ಇಲ್ಲದ ಪುಸ್ತಕಗಳನ್ನು ತಮ್ಮ ದುರ್ಬಲ ಕಣ್ಣುಗಳಿಂದ ಓದಿ ಹೇಳುತ್ತ ಸಲಿವನ್ ಕಳೆದ ವರ್ಷಗಳಲ್ಲಿ ಚಪ್ಪಾಳೆ ಬೀಳುವ ದೃಶ್ಯವೊಂದೂ ಇಲ್ಲ.

ಇನ್ನು ‘ಗೆಲುವು’ ಎಂಬ ಪದ. ಹೆಲೆನ್ ಕೆಲರ್ 1968ರಲ್ಲಿ ತೀರಿಕೊಳ್ಳುವವರೆಗೂ ಅವರಿಗೆ ಕಣ್ಣು ಕಾಣಲಿಲ್ಲ, ಕಿವಿ ಕೇಳಲಿಲ್ಲ. ಕುರುಡು, ಕಿವುಡುಗಳನ್ನು ಅವರು ಗೆಲ್ಲಲಿಲ್ಲ. ಅವುಗಳಿಂದ ಬಂದ ಒಂಟಿತನ ಮುರಿಯಿತು, ಅದೂ ಇಬ್ಬರು ಸೇರಿ ಮುರಿದದ್ದು. ಇದನ್ನು ಅವರಷ್ಟು ಸ್ಪಷ್ಟವಾಗಿ ಬೇರೆ ಯಾರೂ ಹೇಳಿಲ್ಲ. ಧೈರ್ಯದಿಂದ ನುಗ್ಗಿದರೆ ಯಾರು ಬೇಕಾದರೂ ಗೆಲ್ಲಬಹುದು ಎಂದು ತಾವೂ ಒಮ್ಮೆ ನಂಬಿದ್ದನ್ನು 1929ರ ‘ಮಿಡ್‌ಸ್ಟ್ರೀಮ್’ ಪುಸ್ತಕದಲ್ಲಿ ನೆನೆಯುತ್ತಾರೆ. ತಾವು ಹುಟ್ಟಿದ ಮನೆ, ಸಿಕ್ಕ ಅನುಕೂಲಗಳು ಎಲ್ಲರಿಗೂ ಇಲ್ಲ, ಮೇಲೇಳುವ ಶಕ್ತಿ ಎಲ್ಲರ ಕೈಗೆಟುಕುವಂಥದ್ದಲ್ಲ ಎಂದು ದೇಶ ಸುತ್ತಿದ ಮೇಲೆ ತಿಳಿಯಿತು ಎನ್ನುತ್ತಾರೆ. ಅವರು ಸಮಾಜವಾದಿಯಾದದ್ದನ್ನು, ಕುರುಡುತನಕ್ಕೂ ಬಡತನಕ್ಕೂ ಇರುವ ನಂಟಿನ ಬಗ್ಗೆ ಬರೆದದ್ದನ್ನು ನಮ್ಮ ಸ್ಫೂರ್ತಿಕಥೆಗಳು ಸದ್ದಿಲ್ಲದೆ ಕೈಬಿಟ್ಟಿವೆ.

ಛಲದ ಕಥೆಯಾಗಿ ಓದಿದರೆ ಈ ಪುಸ್ತಕ ಭಾರವನ್ನೆಲ್ಲ ಮಗುವಿನ ತಲೆಯ ಮೇಲೆ ಹೊರಿಸುತ್ತದೆ: ಅವಳು ಕಲಿತಳು, ನೀನೇಕೆ ಕಲಿಯಲಿಲ್ಲ? ಟೀಚರ್ ಪತ್ರಗಳೊಂದಿಗೆ ಓದಿದರೆ ಅದೇ ಪ್ರಶ್ನೆ ದಿಕ್ಕು ಬದಲಿಸಿ ನಮ್ಮ ಕಡೆ ತಿರುಗುತ್ತದೆ: ಆ ಮಗುವಿನ ಜೊತೆ ದಿನವಿಡೀ ಮಾತಾಡಿದವರು ಯಾರಾದರೂ ಇದ್ದರೇ?