ಬಣ್ಣದ ಕಾಗದದ ಮೇಲೆ ಬಿಳಿಯ ಅಕ್ಷರ: ಬಳ್ಳಾರಿ ಸೀಮೆಯ ನೆಲೆಯಿಂದ ಒಂದು ವಿವೇಚನೆ

ಕನ್ನಡ ಮುದ್ರಣವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಬಿಳಿಯ ಹಾಳೆಯ ಮೇಲಿನ ಕಪ್ಪು ಅಕ್ಷರವನ್ನೇ ಪ್ರಮಾಣವಾಗಿ ಸ್ವೀಕರಿಸಿವೆ. ಪುಸ್ತಕದ ಮಟ್ಟಿಗೆ ಇದು ಸಹಜ. ಆದರೆ ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಅಲಂಕೃತ ಲಕೋಟೆಗಳಲ್ಲಿ ಕುಂಕುಮಗೆಂಪು, ಕಡುನೀಲಿ ಕಾಗದದ ಮೇಲೆ ಬಿಳಿಯ ಶಾಯಿಯಲ್ಲಿ ಮೂಡುವ ಅಕ್ಷರದ ಸ್ವಭಾವವೇ ಬೇರೆ. ಇದನ್ನು ಕಪ್ಪು–ಬಿಳುಪುಗಳ ಸರಳ ಅದಲುಬದಲೆಂದು ಭಾವಿಸುವುದೇ ಇಂತಹ ಮುದ್ರಣದ ಮೂಲದೋಷ.

ಕಡುನೆಲದ ಮೇಲೆ ಬೆಳ್ಳಗೆ ಗುರುತು ಮೂಡಿಸುವ ಪದ್ಧತಿ ಬಳ್ಳಾರಿ ಸೀಮೆಗೆ ಹೊಸತಲ್ಲ. ಬಳ್ಳಾರಿ ನಗರದ ಸಮೀಪದ ಕುಪಗಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕಪ್ಪು ಡೊಲೆರೈಟ್ ಬಂಡೆಯ ಮೇಲ್ಮೈಯನ್ನು ಕುಟ್ಟಿ ಗೂಳಿಗಳ ರೂಪಗಳನ್ನು ತೆಳುಬಣ್ಣದಲ್ಲಿ ಬಿಡಿಸಿದ್ದಾರೆ. ಕನ್ನಡ ನಾಡಿನ ವರ್ತಕರೂ ಲೆಕ್ಕಿಗರೂ ಬಳಸುತ್ತಿದ್ದ ಕಡತವು ಈ ತತ್ವದ ಲಿಪಿರೂಪ. ಹತ್ತಿಬಟ್ಟೆಗೆ ಅಂಟು ಮತ್ತು ಇದ್ದಿಲ ಪುಡಿಯ ಲೇಪ ಕೊಟ್ಟು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಮೈಸೂರಿನ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಮೊದಲ ಸಂಪುಟದಲ್ಲಿ ಇದನ್ನು ವಿವರವಾಗಿ ಬಣ್ಣಿಸಿದ್ದಾನೆ. ಓಲೆಗರಿಯನ್ನು ಕೊರೆಯುವ ಕಬ್ಬಿಣದ ಮೊನೆಗಿಂತ ಬಳಪದ ತುದಿ ದಪ್ಪ. ಆದಕಾರಣ ಕಡತದ ಅಕ್ಷರಕ್ಕೆ ಒಳಗೂ ಹೊರಗೂ ಎಡೆ ಬೇಕಾಗುತ್ತದೆ. ಸಾಧನವೇ ಅಕ್ಷರದ ಅಳತೆಯನ್ನು ನಿರ್ಧರಿಸಿದ್ದು ಇಲ್ಲಿ ಗಮನಾರ್ಹ.

ಇದಕ್ಕೆ ಪ್ರತಿಯಾಗಿ ನಿಲ್ಲುವ ಇನ್ನೊಂದು ಬಿಳುಪುಂಟು. ಕುರುಗೋಡಿನಲ್ಲಿ ದೊರೆತಿರುವ 12ನೆಯ ಶತಮಾನದ ಸಿಂದ ಅರಸರ ಶಾಸನಗಳಂತಹ ಕಲ್ಬರಹದ ಪಡಿಯಚ್ಚನ್ನು ತೆಗೆಯುವಾಗ ಒದ್ದೆಯ ಕಾಗದವನ್ನು ಕಲ್ಲಿಗೆ ಒತ್ತಿ ಮೇಲೆ ಮಸಿ ಬಡಿಯುತ್ತಾರೆ. ಕೊರೆದ ಗೆರೆಯೊಳಗೆ ಮಸಿ ಇಳಿಯದೆ ಅಕ್ಷರ ಬೆಳ್ಳಗೆ ಉಳಿಯುತ್ತದೆ. ಕಡತದ ಬಿಳುಪು ಮೇಲೆ ಕೂಡಿಸಿದ್ದು. ಪಡಿಯಚ್ಚಿನ ಬಿಳುಪು ಕಾಗದದಲ್ಲಿಯೇ ಉಳಿಸಿಕೊಂಡದ್ದು. ಇಂದಿನ ಅಲಂಕೃತ ಮುದ್ರಣವೂ ಈ ಎರಡೇ ದಾರಿಗಳಲ್ಲಿ ಸಾಗುತ್ತದೆ. ಒಂದು, ಬಣ್ಣದ ಕಾಗದದ ಮೇಲೆ ಬಿಳಿಯ ಶಾಯಿಯನ್ನು ಹಾಕುವುದು. ಇನ್ನೊಂದು, ಬಿಳಿಯ ಕಾಗದಕ್ಕೆ ಬಣ್ಣ ತುಂಬಿ ಅಕ್ಷರದ ಜಾಗವನ್ನು ಬಿಡುವುದು.

ಮೊದಲನೆಯ ದಾರಿಯ ತೊಡಕು ಶಾಯಿಯ ಗುಣದಲ್ಲಿದೆ. ಕಪ್ಪು ಶಾಯಿ ಬೆಳಕನ್ನು ನುಂಗುತ್ತದೆ. ತೆಳುವಾದ ಪದರವೂ ಅದಕ್ಕೆ ಸಾಕು. ಬಿಳಿಯ ಶಾಯಿ ಬೆಳಕನ್ನು ಚೆದರಿಸಿ ಮರಳಿಸಬೇಕು. ಅದಕ್ಕೆ ದಪ್ಪ ಬೇಕು. ಇಂದಿನ ಬಿಳಿಯ ಶಾಯಿಯ ಮುಖ್ಯ ದ್ರವ್ಯ ಟೈಟಾನಿಯಂ ಡೈಆಕ್ಸೈಡ್. ಅದರ ವಕ್ರೀಭವನಾಂಕ ಸುಮಾರು 2.7, ಅದನ್ನು ಹಿಡಿದಿಡುವ ಎಣ್ಣೆಯದು ಸುಮಾರು 1.5. ಈ ಅಂತರದಿಂದಲೇ ಬಿಳಿಯ ಶಾಯಿಗೆ ಮರೆಮಾಡುವ ಶಕ್ತಿ ಬರುತ್ತದೆ. ಆದರೂ ಆಫ್‌ಸೆಟ್ ಮುದ್ರಣದ 1ರಿಂದ 2 ಮೈಕ್ರಾನ್ ಪದರದಲ್ಲಿ ಕಾಗದದ ಬಣ್ಣ ಇಣುಕಿ, ಕೆಂಪಿನ ಮೇಲಿನ ಬಿಳುಪು ನಸುಗೆಂಪಾಗುತ್ತದೆ. ಎರಡನೆಯ ಬಾರಿ ಅಚ್ಚು ಹಾಕಿದರೆ ಬಿಳುಪು ಹೆಚ್ಚುತ್ತದೆ. ಕೂದಲೆಳೆಯಷ್ಟು ಸರಿದರೂ ಅಂಚು ಇಬ್ಬಗೆಯಾಗುತ್ತದೆ. ಸ್ಕ್ರೀನ್ ಮುದ್ರಣವು ಹಲವು ಪಟ್ಟು ದಪ್ಪ ಪದರವನ್ನು ಕೊಡುವುದರಿಂದ ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ. ಆದರೆ ದಪ್ಪ ಶಾಯಿ ಅಂಚನ್ನು ಮೀರಿ ಹರಡುವ ಅಪಾಯವೂ ಅಲ್ಲಿಯೇ ಹೆಚ್ಚು.

ಕನ್ನಡ ಲಿಪಿಯ ಪರೀಕ್ಷೆ ನಡೆಯುವುದು ಇಲ್ಲಿ. ಹರಡಿದ ಬಿಳಿಯ ಶಾಯಿ ‘ಠ’ದ ಒಳಗಿನ ಬಿಂದುವನ್ನು ಸುತ್ತಿನ ಗೆರೆಗೆ ಅಂಟಿಸುತ್ತದೆ, ಒತ್ತಕ್ಷರಗಳ ಕಿರಿಯ ಹೊಟ್ಟೆಗಳನ್ನು ತುಂಬಿಬಿಡುತ್ತದೆ. ಜಾಗ ಬಿಡುವ ವಿಧಾನದಲ್ಲಿ ಸುತ್ತಲ ಬಣ್ಣ ಒಳನುಗ್ಗುವುದರಿಂದ ದೋಷ ವಿಲೋಮವಾಗುತ್ತದೆ: ಮಹಾಪ್ರಾಣವನ್ನು ಸೂಚಿಸುವ ಅಡಿಯ ಪುಟ್ಟ ಗೆರೆ ಅಳಿದು ‘ಧನ’ವು ‘ದನ’ವಾಗುತ್ತದೆ. ಕಡುನೆಲದ ಮೇಲಿನ ಬಿಳುಪು ಇದ್ದುದಕ್ಕಿಂತ ಹಿರಿದಾಗಿ ಕಾಣುವುದರಿಂದ ಶಾಯಿ ಹರಡದಿದ್ದರೂ ಅಕ್ಷರ ಉಬ್ಬಿದಂತೆ ತೋರುತ್ತದೆ. ಆದುದರಿಂದ ಎರಡು ವಿಧಾನಗಳಿಗೂ ಒಂದೇ ಅಕ್ಷರವಿನ್ಯಾಸ ಸಲ್ಲದು. ಮೊದಲನೆಯದಕ್ಕೆ ಗೆರೆ ಸಣ್ಣದಾಗಿ, ಒಡಲು ತೆರವಾಗಿರಬೇಕು. ಎರಡನೆಯದಕ್ಕೆ ಗೆರೆ ತುಸು ದಪ್ಪವಿರಬೇಕು. ಅಕ್ಷರಗಳ ನಡುವಣ ಅಂತರ ಎರಡರಲ್ಲಿಯೂ ಹಿಗ್ಗಬೇಕು. ಹೂಬಳ್ಳಿಯ ಅಂಚಿಗೆ ಧಾರಾಳವಾಗಿ ಜಾಗ ಕೊಟ್ಟು ವಧೂವರರ ಹೆಸರನ್ನು ಇಕ್ಕಟ್ಟಿಗೆ ನೂಕುವ ವಿನ್ಯಾಸವು ಅಲಂಕಾರದಲ್ಲಿ ಗೆದ್ದು ಉದ್ದೇಶದಲ್ಲಿ ಸೋಲುತ್ತದೆ.

ಸಿರುಗುಪ್ಪದಂತಹ ಗಡಿ ತಾಲ್ಲೂಕಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಸಿರುಗುಪ್ಪ ಮೈಸೂರಿಗೆ ಬಂದಿತು. ಆಡಳಿತದ ಗೆರೆ ನಂಟಸ್ತಿಕೆಯ ಗೆರೆಯಲ್ಲ. ಕನ್ನಡ, ತೆಲುಗು ಎರಡನ್ನೂ ಒಂದೇ ಪತ್ರಿಕೆಯಲ್ಲಿ ಅಚ್ಚು ಹಾಕುವ ಸಂದರ್ಭದಲ್ಲಿ, ತಲೆಕಟ್ಟಿನ ಸೂಕ್ಷ್ಮ ಭೇದದಿಂದ ಬೇರೆಯಾಗುವ ಈ ಸೋದರ ಲಿಪಿಗಳು ಉಬ್ಬಿದ ಬಿಳುಪಿನಲ್ಲಿ ತಮ್ಮ ಗುರುತನ್ನು ಕಳೆದುಕೊಳ್ಳುವ ಸಾಧ್ಯತೆಯಿದೆ.

ಲಗ್ನಪತ್ರಿಕೆಯನ್ನು ಒಂದು ದಿನದ ವಸ್ತುವೆಂದು ತಳ್ಳಿಹಾಕುವುದು ಸರಿಯಲ್ಲ. ಮನೆತನ, ಊರು, ಬಳಗ, ತಿಥಿಗಳನ್ನು ಒಂದೆಡೆ ಹಿಡಿದಿಡುವ ಅದು ಮುಂದಿನ ಸಂಶೋಧಕನಿಗೆ ಸಾಮಾಜಿಕ ದಾಖಲೆ. ಗ್ರಂಥಾಲಯಗಳು ಇವನ್ನು ಸಂಗ್ರಹಿಸುವಾಗ ಕಡುಬಣ್ಣದ ಕಾಗದದ ನೆರಳಚ್ಚಿನಲ್ಲಿ ಹಿನ್ನೆಲೆ ಕಪ್ಪಾಗಿ, ಮೊದಲೇ ಮಸುಕಾದ ಬಿಳುಪು ಪೂರ್ತಿ ಮುಳುಗಿಹೋಗಬಹುದು. ಮೂಲಪ್ರತಿಯನ್ನೇ ಉಳಿಸುವುದು, ಬಣ್ಣದ ಪ್ರತಿಬಿಂಬವನ್ನು ತೆಗೆದಿಡುವುದು, ಮುದ್ರಣವಿಧಾನವನ್ನು ಸೂಚಿಯಲ್ಲಿ ನಮೂದಿಸುವುದು ಅವಶ್ಯ. ಕಡತದ ಅಕ್ಷರ ಒರೆಸಿ ಮತ್ತೆ ಬರೆಯುವುದಕ್ಕಾಗಿ ಇದ್ದಿತು. ಲಗ್ನಪತ್ರಿಕೆಯ ಹೆಸರಿಗೆ ಆ ಎರಡನೆಯ ಅವಕಾಶವಿಲ್ಲ. ಅಚ್ಚಿನ ಮನೆಯಲ್ಲಿ ಮುಚ್ಚಿಹೋದ ಅಕ್ಷರವನ್ನು ಯಾವ ಗ್ರಂಥಾಲಯವೂ ಮರಳಿ ತೆರೆಯಲಾರದು.