ಸ್ತುತಿ ಬಹಳ, ತಕರಾರು ಕಡಿಮೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕ್ರೈಸ್ತ ಸಭೆಗಳಲ್ಲಿ ಭಾನುವಾರ ಹಾಡುವ ಹಾಡನ್ನು ಹಾಡೆಂದು ಕೇಳುವವರು ಕಡಿಮೆ. ಸಭೆಯವರಿಗೆ ಅದು ಆರಾಧನೆ. ಪಕ್ಕದ ಮನೆಯವರಿಗೆ ಸ್ಪೀಕರಿನ ಸದ್ದು. ಟಿವಿಯವರು ಬಂದರೆ ಮತಾಂತರದ ಸುದ್ದಿಗೆ ಹಿನ್ನೆಲೆ ಸಂಗೀತ. ಧಾಟಿ ಹೇಗಿದೆ, ಮಾತು ಹೇಗಿದೆ, ಹಾಡುವವನ ಬದುಕು ಅದರೊಳಗೆ ಎಷ್ಟು ಬಂದಿದೆ ಎಂದು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಇಂಥದೊಂದು ಸಭೆಯಲ್ಲಿ ಕೀಬೋರ್ಡ್ ನುಡಿಸುವವನು ನಾನು. ಹೊರಗಿನವರು ಕೇಳದಿದ್ದರೆ ನಾವೇ ಕೇಳಿಕೊಳ್ಳಬೇಕು. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹಾಡುಗಳಲ್ಲಿ ಸ್ತುತಿ ತುಂಬಿ ತುಳುಕುತ್ತದೆ, ತಕರಾರಿಗೆ ಜಾಗವೇ ಇಲ್ಲ. ವಾಕ್ ಸ್ವಾತಂತ್ರ್ಯ ಬೇಕೆಂದು ಸರಕಾರದ ಮುಂದೆ ಕೈಯೊಡ್ಡುವ ನಾವು ದೇವರ ಮುಂದೆ ಅದನ್ನು ಬಳಸುವುದಿಲ್ಲ.

ಮೊದಲು ಸದ್ದಿನ ಮಾತು. ಪತ್ರಾಸ್ ಶೆಡ್ಡು, ಒಂದು ಕೀಬೋರ್ಡು, ಒಂದು ರಿದಮ್ ಪ್ಯಾಡು, ಎರಡು ಮೈಕು: ಸಣ್ಣ ಸಭೆಯ ಸಂಗೀತಕ್ಕೆ ಇಷ್ಟು ಸಾಕು. ಹೊಸ ಹಾಡುಗಳು ಯೂಟ್ಯೂಬಿನಿಂದ ಇಳಿಯುತ್ತವೆ. ತೆಲುಗಿನದೋ ತಮಿಳಿನದೋ ಹಿಂದಿಯದೋ ಧಾಟಿ ಹಾಗೇ ಉಳಿದು ಮಾತು ಮಾತ್ರ ಕನ್ನಡವಾಗಿರುತ್ತದೆ. ಹಳೆಯ ಗೀತೆ ಪುಸ್ತಕದ್ದು ಇನ್ನೊಂದು ಫಜೀತಿ. ಅಲ್ಲಿ ಇಂಗ್ಲಿಷ್ ಧಾಟಿ ಅಳತೆ ಕೊಟ್ಟು ನಿಂತಿರುತ್ತದೆ, ಕನ್ನಡ ಅದರೊಳಗೆ ಕೈಕಾಲು ಮಡಚಿಕೊಂಡು ಕೂರಬೇಕು. ‘ಕರುಣೆ’ ಎಂಬ ಮಾತನ್ನೇ ನೋಡಿ. ಮೂರೂ ಅಕ್ಷರ ಲಘು. ಧಾಟಿ ನಡುವಿನ ಅಕ್ಷರವನ್ನು ಎಳೆಯಿರಿ ಎನ್ನುತ್ತದೆ, ‘ಕರೂಣೆ’ ಆಗುತ್ತದೆ. ‘ಬಲ’ ಎಂದು ಬರೆದದ್ದು ‘ಬಾಲ’ ಆಗಿ ಹೊರಡುತ್ತದೆ. ದೇವರಿಂದ ನಮಗೆ ಬಾಲ ಬಂದಿದೆಯೆಂದು ಇಡೀ ಸಭೆ ಎದ್ದು ನಿಂತು ಹಾಡುವಾಗ ಕೀಬೋರ್ಡಿನ ಹಿಂದೆ ತಲೆ ತಗ್ಗಿಸಿ ನಕ್ಕಿದ್ದುಂಟು. ಆದರೆ ಅದೇ ಹಾಡನ್ನು ನಮ್ಮ ಅಜ್ಜಿಯಂಥವರು ಕಣ್ಣೀರು ಸುರಿಸಿ ಹಾಡುತ್ತಾರೆ. ಛಂದಸ್ಸು ಕೆಟ್ಟರೂ ಅವರ ಭಕ್ತಿ ಕೆಟ್ಟಿಲ್ಲ ಎಂಬುದನ್ನು ಒಪ್ಪಿಯೇ ಮುಂದಕ್ಕೆ ಹೋಗಬೇಕು.

ಈ ತೊಂದರೆ ಇವತ್ತಿನದಲ್ಲ. ಬೆಳಗಾವಿಗೆ ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಂದದ್ದು 1820ರಲ್ಲಿ. 1904ರಲ್ಲಿ ಆ ಕೆಲಸ ಮೆಥಡಿಸ್ಟರ ಕೈಗೆ ಹೋಯಿತು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಬಾಸೆಲ್ ಮಿಷನ್ ನೆಲೆಸಿತು. ಇವರೆಲ್ಲ ಬೈಬಲ್ಲಿನ ಜೊತೆ ತಮ್ಮ ಊರಿನ ಧಾಟಿಗಳನ್ನೂ ತಂದರು. ಹಾಡು ಇಲ್ಲಿನದೇ ಆಗಬೇಕು ಎಂದು ಅವರಲ್ಲಿ ಗಟ್ಟಿಯಾಗಿ ಹಿಡಿದವರು ಫರ್ಡಿನೆಂಡ್ ಕಿಟ್ಟೆಲ್. 1894ರ ನಿಘಂಟಿನಿಂದ ಅವರನ್ನು ನಾಡೆಲ್ಲ ಬಲ್ಲದು. ಅದಕ್ಕೂ ಮೂರು ದಶಕ ಹಿಂದೆ, 1862ರಲ್ಲಿ, ಅವರು ಯೇಸುವಿನ ಬದುಕನ್ನು ಕನ್ನಡದ ಛಂದಸ್ಸಿನಲ್ಲಿ ಹೇಳುವ ‘ಕಥಾಮಾಲೆ’ಯನ್ನು ಬರೆದಿದ್ದರು. ಆಗ ಅವರಿಗೆ ಮೂವತ್ತು ವಯಸ್ಸು. ಕನ್ನಡದ ಕಿವಿಗೆ ಗುರು–ಲಘುವಿನ ಲೆಕ್ಕ ತಪ್ಪಿದರೆ ಮಾತೇ ಇಳಿಯುವುದಿಲ್ಲ ಎಂದು ಜರ್ಮನಿಯಿಂದ ಬಂದ ಆ ತರುಣನಿಗೆ ತಿಳಿದಿತ್ತು. ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಸಂಪಾದಿಸಿದ್ದೂ ಅವರೇ. ಒಂದೂವರೆ ಶತಮಾನ ದಾಟಿದ ಮೇಲೂ ನಾವು ‘ಕರೂಣೆ’ ಎಂದು ಹಾಡುತ್ತಿರುವುದಕ್ಕೆ ಅವರನ್ನು ದೂರುವಂತಿಲ್ಲ. ಆದರೂ ‘ಕಥಾಮಾಲೆ’ ಕಥನಕಾವ್ಯ. ಹಾಡುವವನ ಸ್ವಂತ ಅಳಲು ಅದರ ಉದ್ದೇಶವಲ್ಲ.

ಆ ಅಳಲಿಗೆ ಗಡಿಯಾಚೆ ನೋಡಬೇಕು. ಹುಕ್ಕೇರಿ, ಸಂಕೇಶ್ವರದವರಿಗೆ ಕೊಲ್ಲಾಪುರ ಸಂತೆಗೆ ಹೋಗಿಬರುವಷ್ಟು ಹತ್ತಿರ. ಅಲ್ಲಿನ ಭಾಷೆಯಾದ ಮರಾಠಿಯಲ್ಲಿ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತರಾದ ಮೇಲೆ ಅಭಂಗದ ದಾರಿಯನ್ನು ಬಿಡಲಿಲ್ಲ. ತಾವು ಕ್ರಿಸ್ತನ ಬಳಿಗೆ ಬಂದದ್ದು ತುಕಾರಾಮನ ಮೂಲಕ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ವಿಠ್ಠಲನ ಮೇಲೆ ಮುನಿಸಿಕೊಳ್ಳುವ, ಅವನನ್ನು ಜಗ್ಗಿ ಕೇಳುವ ಸಲುಗೆ ಅವರಿಗೆ ಆ ಪರಂಪರೆಯಿಂದ ಬಂತು. ಅವರ ಹೆಂಡತಿ ಲಕ್ಷ್ಮೀಬಾಯಿ ಇನ್ನೂ ಒಂದು ಕೈ ಮೇಲು. ‘ಸ್ಮೃತಿಚಿತ್ರೆ’ ಎಂಬ ಆತ್ಮಕಥೆಯಲ್ಲಿ ಗಂಡನ ಸಿಟ್ಟು, ಮರೆವು, ಅವರು ಹೇಳದೆ ಕೇಳದೆ ಧರ್ಮ ಬಿಟ್ಟಾಗ ತನಗಾದ ಸಂಕಟ ಎಲ್ಲವನ್ನೂ ನಗುನಗುತ್ತಲೇ ಬರೆದರು. ನಂಬಿಕೆಯೊಳಗೆ ನಿಂತು ಹೀಗೆ ಬಾಯಿ ಬಿಡುವ ಪದ ನಮ್ಮ ಸಭೆಗಳ ಹಾಡಿನಲ್ಲಿ ನನ್ನ ಕಿವಿಗೆ ಬಿದ್ದಿಲ್ಲ.

ಹಾಗೆಂದು ಈ ನೆಲಕ್ಕೆ ತಕರಾರಿನ ಸಂಗೀತ ಗೊತ್ತಿಲ್ಲವೇ? ನನಗೆ ಬೇಸರವಾಗುವುದು ಇಲ್ಲೇ. ಇಂದು ಮೂಡಲಗಿ ತಾಲ್ಲೂಕಿಗೆ ಸೇರಿರುವ ಕುಲಗೋಡದ ತಮ್ಮಣ್ಣನ ಹೆಸರು ಶ್ರೀಕೃಷ್ಣ ಪಾರಿಜಾತದ ಜೊತೆಗೇ ಬರುತ್ತದೆ. ಅದೇ ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನ ಊರೂ ಇದೇ ಸೀಮೆಯದು. ಪಾರಿಜಾತವೆಂದರೆ ಏನು? ಒಂದು ಹೂವಿನ ನೆಪದಲ್ಲಿ ಸತ್ಯಭಾಮೆ ಸಾಕ್ಷಾತ್ ಕೃಷ್ಣನ ಜೊತೆ ರಾತ್ರಿಯಿಡೀ ಜಗಳವಾಡುವ ಆಟ. ಜನ ಕೈಮುಗಿಯುತ್ತಲೂ ಇರುತ್ತಾರೆ, ನಗುತ್ತಲೂ ಇರುತ್ತಾರೆ. ಗೀಗೀ ಪದದಲ್ಲಿ, ಡೊಳ್ಳಿನ ಪದದಲ್ಲಿ ಹರದೇಶಿ–ನಾಗೇಶಿ ಎಂದು ಎರಡು ಪಕ್ಷ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ, ಶಿವ ದೊಡ್ಡವನೋ ಶಕ್ತಿ ದೊಡ್ಡವಳೋ ಎಂದು ಸವಾಲು ಹಾಕುತ್ತಾರೆ, ಜವಾಬು ಕೊಡುತ್ತಾರೆ. ಬೆಳಗಾದರೆ ಎರಡೂ ಮೇಳದವರು ಒಟ್ಟಿಗೆ ಚಹಾ ಕುಡಿಯುತ್ತಾರೆ, ಯಾರ ಭಾವನೆಗೂ ಧಕ್ಕೆಯಾಗಿರುವುದಿಲ್ಲ. ಶ್ರಾವಣದಲ್ಲಿ ಪೇಟಿ, ತಾಳ, ಏಕತಾರಿ ಹಿಡಿದು ಕೂರುವ ಭಜನೆಯವರು ಡಂಭದ ಗುರುವನ್ನು ಬಯ್ಯುವ ತತ್ವಪದಗಳನ್ನು ಮಠದ ಕಟ್ಟೆಯ ಮೇಲೆಯೇ ಹಾಡುತ್ತಾರೆ. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ‘ಜರತಾರಿ ಜಗದ್ಗುರು’ ಎಂಬ ಹೆಸರಿಟ್ಟೇ ಕಾದಂಬರಿ ಬರೆದರು. ತಮ್ಮ ಸಮಾಜದ ಮಠಗಳನ್ನು ಒಳಗಿನವರಾಗಿಯೇ ಝಾಡಿಸಿದರು. ಇಷ್ಟೆಲ್ಲ ಸುತ್ತಮುತ್ತ ಇದ್ದೂ ನಮ್ಮ ಶೆಡ್ಡಿನೊಳಗೆ ಇದರ ಗಾಳಿ ಬೀಸಿಲ್ಲ. ಪೇಟಿ, ತಾಳ ‘ಹಳೆಯ ಬದುಕಿನವು’ ಎಂದು ಬಾಗಿಲಲ್ಲೇ ಬಿಟ್ಟು ಬಂದೆವು. ಬಿಟ್ಟು ಬಂದದ್ದರಲ್ಲಿ ಜಗಳದ ಸಲುಗೆಯೂ ಸೇರಿತ್ತು.

ಬೈಬಲ್ಲಿಗೆ ಇದು ಹೊರಗಿನದಾಗಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಕೀರ್ತನೆಗಳು 150 ಇವೆ. ಅವುಗಳಲ್ಲಿ ಮೂರನೇ ಒಂದು ಪಾಲಿನಷ್ಟು ದೂರು, ಗೋಳು. 137ನೆಯದರಲ್ಲಿ ಬಾಬೆಲಿನ ಸೆರೆಯಾಳುಗಳು ಹಾಡು ಎಂದವರಿಗೆ ಹಾಡುವುದಿಲ್ಲ ಎನ್ನುತ್ತಾರೆ. ಶಿಲುಬೆಯ ಮೇಲೆ ಯೇಸು ಕೂಗಿದ್ದು 22ನೆಯದರ ಮೊದಲ ಮಾತನ್ನು, ದೇವರೇ ತನ್ನ ಕೈಬಿಟ್ಟನೆಂಬ ದೂರನ್ನು. ನಮ್ಮ ಹಾಡುಗಳು ಆ ಶಿಲುಬೆಯನ್ನು ಬಣ್ಣಿಸುತ್ತವೆ, ಕೂಗನ್ನು ಬಿಟ್ಟುಬಿಡುತ್ತವೆ.

ಬದುಕಿನಲ್ಲಿ ದೂರಿಗೇನು ಬರವಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭಾ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದೊಳಗೆ ನೀರು ನುಗ್ಗಿತು, ಮಣ್ಣಿನ ಮನೆಗಳು ಕುಸಿದವು. ನೀರಿಳಿದ ಮೇಲೆ ಸೇರಿದ ಸಭೆಯಲ್ಲೂ ಹಾಡಿದ್ದು ಅದೇ ಜಯದ ಹಾಡುಗಳನ್ನೇ. ಮನೆ ಕಳೆದುಕೊಂಡವರೂ ಕೈಯೆತ್ತಿ ಹಾಡಿದರು. ಅದಕ್ಕಿಂತ ಒಳಗಿನ ಸಂಕಟ ಇನ್ನೊಂದಿದೆ. ನಮ್ಮ ಕಡೆಯ ಸಭೆಗಳಲ್ಲಿ ಬಹಳ ಮಂದಿ ದಲಿತರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ಸಿಕ್ಕಿತು, ಕ್ರೈಸ್ತರಿಗೆ ಸಿಗಲಿಲ್ಲ. ಹೀಗಾಗಿ, ಕ್ರೈಸ್ತನೆಂದರೆ ಆ ಸ್ಥಾನ ಕೈತಪ್ಪುತ್ತದೆಂದು ಹೆದರಿ, ಹುಡುಗನೊಬ್ಬ ‘ನೀವು ಯಾರ ಪೈಕಿ?’ ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಕಿಟಕಿಯ ಕಡೆ ನೋಡುತ್ತಾನೆ. ಭಾನುವಾರ ತಾನು ಏನನ್ನು ಗಟ್ಟಿಯಾಗಿ ಹಾಡಿದನೋ ಅದನ್ನು ಸೋಮವಾರ ಮೆಲ್ಲಗೆ ಹೇಳಲೂ ಅಂಜುತ್ತಾನೆ. ಇಪ್ಪತ್ತರ ವಯಸ್ಸಿನ ಕ್ರೈಸ್ತನೊಬ್ಬನ ದಿನನಿತ್ಯದ ಪ್ರಶ್ನೆ ಇದು. ಇದರ ಮೇಲೆ ಒಂದು ಪದವಿಲ್ಲ.

ಇನ್ನು ಕಾನೂನು. ಮತಾಂತರ ನಿಷೇಧ ಎಂದು ಎಲ್ಲರೂ ಕರೆಯುವ ಮಸೂದೆ ವಿಧಾನಸಭೆಯಲ್ಲಿ ಪಾಸಾದದ್ದು 2021ರ ಡಿಸೆಂಬರ್ 23ರಂದು, ನಮ್ಮಿಂದ ತಾಸು–ಒಂದೂವರೆ ತಾಸಿನ ದಾರಿಯ ಬೆಳಗಾವಿ ಸುವರ್ಣಸೌಧದಲ್ಲಿ. ಮರುವರ್ಷ ಅದು ಕಾಯ್ದೆಯಾಯಿತು. ರದ್ದು ಮಾಡಬೇಕೆಂದು 2023ರ ಜೂನಿನಲ್ಲಿ ಸಂಪುಟ ತೀರ್ಮಾನಿಸಿತು. ಆ ಕಾಯ್ದೆ ಆಮಿಷಕ್ಕೆ ಕೊಟ್ಟ ಅರ್ಥವನ್ನು ಹಾಡು ಕಟ್ಟುವವರು ಓದಲೇಬೇಕು. ಉಡುಗೊರೆ, ನೌಕರಿ, ಪುಕ್ಕಟೆ ಶಿಕ್ಷಣ ಇವುಗಳ ಸಾಲಿನಲ್ಲಿ ದೇವರ ಅವಕೃಪೆಯ ಹೆದರಿಕೆಯೂ ಇದೆ, ಒಂದು ಧರ್ಮದ ಎದುರು ಇನ್ನೊಂದನ್ನು ವೈಭವೀಕರಿಸುವುದೂ ಇದೆ. ನಿನಗಿಂತ ದೊಡ್ಡ ದೇವರಿಲ್ಲ ಎನ್ನದ ಭಕ್ತಿಗೀತೆ ಯಾವ ಧರ್ಮದಲ್ಲಿದೆ? ಹೊಗಳುವುದನ್ನೇ ಶಂಕಿಸುವ ಕಾಯ್ದೆ ಅಸಂಬದ್ಧ ಎಂದೇ ನನ್ನ ಅಭಿಪ್ರಾಯ. ವಿಚಿತ್ರವೆಂದರೆ, ಸರಕಾರ ಅನುಮಾನದಿಂದ ನೋಡಿದ ಸ್ತುತಿಯೊಂದೇ ನಮ್ಮ ಕೈಯಲ್ಲಿರುವುದು. ಯಾವ ಕಾಯ್ದೆಯೂ ಮುಟ್ಟದ ಗೋಳನ್ನು ನಾವೇ ಮುಟ್ಟಿಲ್ಲ.

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಇಲ್ಲಿ ನೆನಪಾಗುತ್ತವೆ. 1985ರಲ್ಲಿ ಕೇರಳದ ಶಾಲೆಯೊಂದು ಬಿಜೋಯಿ ಮತ್ತು ಅವನ ಇಬ್ಬರು ತಂಗಿಯರನ್ನು ಹೊರಹಾಕಿತು. ಅವರು ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಮರುವರ್ಷದ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ (ಮುಂದೆ ಕರ್ನಾಟಕದ ಹಿಂದುಳಿದ ವರ್ಗಗಳ ಆಯೋಗದ ಮುಖ್ಯಸ್ಥರಾಗಿ ನಮಗೆ ಪರಿಚಿತರಾದವರು) ಆ ಮಕ್ಕಳ ಪರ ತೀರ್ಪು ಕೊಟ್ಟರು: ಮಾತಿನ ಸ್ವಾತಂತ್ರ್ಯದಲ್ಲಿ ಸುಮ್ಮನಿರುವ ಸ್ವಾತಂತ್ರ್ಯವೂ ಸೇರಿದೆ. ನಂಬಿಕೆ, ಸಂಗೀತ, ಮಾತಿನ ಹಕ್ಕು ಮೂರೂ ಒಂದೇ ಗಂಟಾಗಿ ಬಂದ ಪ್ರಕರಣ ಇದಕ್ಕಿಂತ ಚೆನ್ನಾಗಿರುವುದು ನನಗೆ ಗೊತ್ತಿಲ್ಲ. ಆ ಮಕ್ಕಳ ಧರ್ಮಶಾಸ್ತ್ರ ನನಗೆ ಒಪ್ಪಿಗೆಯಿಲ್ಲ. ನಾನು ರಾಷ್ಟ್ರಗೀತೆಯನ್ನು ಖುಷಿಯಿಂದ ಹಾಡುತ್ತೇನೆ. ಆದರೆ ಅವರ ಮೌನ ನನ್ನ ಹಾಡಿಗಿಂತ ಹೆಚ್ಚು ಮಾತಾಡಿತು.

ಇನ್ನೊಂದು 2000ದ ಆಗಸ್ಟ್ 30ರದು. ಚೆನ್ನೈನ ಪೆಂಟೆಕೋಸ್ಟ್ ಸಭೆಯೊಂದರ ಡ್ರಮ್ಮು, ಗಿಟಾರಿನ ಸದ್ದಿಗೆ ಬಡಾವಣೆಯವರು ಕೋರ್ಟಿಗೆ ಹೋದರು. ಬೇರೆಯವರ ಶಾಂತಿ ಕೆಡಿಸಿ, ಧ್ವನಿವರ್ಧಕ ಹಚ್ಚಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲ ಎಂದಿತು ಸುಪ್ರೀಂ ಕೋರ್ಟು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿ ಎಲ್ಲರಿಗೂ ಇದೆ. ನಮ್ಮವರು ಇದನ್ನು ಕಿರುಕುಳವೆಂದು ಭಾವಿಸುತ್ತಾರೆ. ಗಣೇಶನ ಡಿಜೆಗೆ ಇಲ್ಲದ ಕಟ್ಟಳೆ ನಮಗೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೂ ವಾಲ್ಯೂಮು ತಿರುಗಿಸುವ ಹಕ್ಕನ್ನು ವಾಕ್ ಸ್ವಾತಂತ್ರ್ಯ ಎಂದುಕೊಂಡಿರುವುದು ನಮ್ಮ ದೊಡ್ಡ ಎಡವಟ್ಟು. ಹೇಳುವ ಮಾತು ಸಣ್ಣದಾದಷ್ಟೂ ಸ್ಪೀಕರು ದೊಡ್ಡದಾಗಿದೆ.

ನಮ್ಮ ಪಾಸ್ಟರ್ ಮುಂದೆ ಇದನ್ನೆಲ್ಲ ಒಮ್ಮೆ ಹೇಳಿದೆ. ‘ತಮ್ಮಾ, ವಾರಾನಗಟ್ಲೆ ಕಬ್ಬಿನ ಹೊಲದಾಗ ದುಡದು ಸೋತು ಬಂದಿರ್ತಾರ. ಇಲ್ಲೂ ಗೋಳೇ ಹಾಡಿದ್ರ ಎದಕ್ಕ ಬರ್ತಾರ ಅವ್ರು?’ ಎಂದರು. ಈ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಕೈಯೆತ್ತಿ ಜಯ ಎನ್ನುವಾಗ ಆ ಒಂದು ತಾಸು ಬೆನ್ನು ನೇರವಾಗುವುದನ್ನು ಪ್ರತಿ ವಾರ ಕಣ್ಣಾರೆ ನೋಡುತ್ತೇನೆ. ಮೈಕು ಕೊಟ್ಟರೆ ನಡುಗುತ್ತ ಸಾಕ್ಷಿ ಹೇಳುವ ಹೆಂಗಸರಿಗೆ ಬೇರೆಲ್ಲೂ ಮೈಕು ಸಿಗುವುದಿಲ್ಲ ಎಂಬುದೂ ನಿಜ. ಆದರೆ ಆ ಸಾಕ್ಷಿಯಲ್ಲಿ ಮಗನ ಕುಡಿತ, ಮೈಕ್ರೋಫೈನಾನ್ಸಿನ ಕಂತು, ಆಸ್ಪತ್ರೆಯ ಬಿಲ್ಲು ಎಲ್ಲ ಬರುತ್ತವೆ. ಹಾಡು ಶುರುವಾದ ಕೂಡಲೇ ಮಾಯವಾಗುತ್ತವೆ. ಸಭೆಯ ಮಾತಿಗೆ ಬಂದ ಬದುಕು ಸಭೆಯ ಸಂಗೀತಕ್ಕೆ ಏಕೆ ಬರಬಾರದು?

ಈಗ 88ನೆಯ ಕೀರ್ತನೆಯನ್ನು ಪೇಟಿಗೆ ಕೂರಿಸುತ್ತಿದ್ದೇನೆ. ಧಾಟಿ ಭೈರವಿಯದು, ಭಜನೆಯವರ ನಡೆ, ಗುರು–ಲಘು ಕೆಡದಂತೆ. ನುಡಿಗಳೇನೋ ಕೂತವು. ತೊಡಕು ಪಲ್ಲದ್ದು. ಆ ಕೀರ್ತನೆ ದೇವರನ್ನು ರಕ್ಷಕನೆಂದು ಕರೆದು ಶುರುವಾಗುತ್ತದೆ, ಮುಗಿಯುವುದು ಕತ್ತಲೆಯಲ್ಲಿ; ನಡುವೆ ಎಲ್ಲೂ ಸಮಾಧಾನ ಬರುವುದಿಲ್ಲ. ಭಜನೆಯಲ್ಲಾದರೆ ಪ್ರತಿ ನುಡಿಯಾದ ಮೇಲೂ ಪಲ್ಲಕ್ಕೆ ಮರಳಲೇಬೇಕು. ಮೊದಲ ಮಾತನ್ನು ಪಲ್ಲ ಮಾಡಿದರೆ ಕೊನೆಯ ಕತ್ತಲೆಯಾದ ಮೇಲೆ ‘ರಕ್ಷಕ’ ಎಂದು ಮೇಳ ಎತ್ತಿಕೊಳ್ಳುತ್ತದೆ, ಬರೆದವನು ಕೊಡದ ಸಮಾಧಾನವನ್ನು ಧಾಟಿಯೇ ಕೊಟ್ಟುಬಿಡುತ್ತದೆ. ಕೊನೆಯ ನುಡಿಯಾದ ಮೇಲೆ ಪಲ್ಲ ಹಾಡದೆ ನಿಲ್ಲಿಸೋಣವೆಂದರೆ ತಾಳ ಹಾಕುವ ಗೆಳೆಯ ಒಪ್ಪುತ್ತಿಲ್ಲ. ಪದ ಅರ್ಧಕ್ಕೇ ನಿಂತಂತಾಗುತ್ತದೆ ಎನ್ನುತ್ತಾನೆ. ಅದು ಹಾಗೇ ನಿಲ್ಲಬೇಕು ಎಂಬುದು ನನ್ನ ವಾದ.